ಕೂದಲು ನೋಡಿ ವಯಸ್ಸು ಹೇಳುವ ಪ್ಯಾಕೇಜ್ ನಿಲ್ಲಿಸುತ್ತಿದ್ದೇವೆ

ನಮ್ಮ ಎಲ್ಲ ಗ್ರಾಹಕರಿಗೂ ನಮಸ್ಕಾರ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಮಾಟುಂಗಾ ಲ್ಯಾಬ್‌ನಲ್ಲಿ ಕೂದಲಿನ ಖನಿಜ ಪರೀಕ್ಷೆ ಡಾಕ್ಟರ್ ಚೀಟಿ ಇದ್ದರೆ ಮಾತ್ರ. ಸತು, ತಾಮ್ರ, ಸೆಲೆನಿಯಂ ಅಂಕಿ ನೋಡಿ ‘ನಿಮ್ಮ ದೇಹದ ವಯಸ್ಸು ಇಷ್ಟು’ ಎಂದು ಹೇಳುವ ಪ್ಯಾಕೇಜ್ ಪೂರ್ತಿ ನಿಲ್ಲುತ್ತದೆ. ಯಾಕೆ ಅಂತ ಕೌಂಟರ್‌ನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ, ಅದಕ್ಕೇ ಈ ಪತ್ರ.

ವಯಸ್ಸಿನ ಜೊತೆ ಕೂದಲಿನ ಖನಿಜಗಳು ಏರುಪೇರಾಗುವುದು ನಿಜ. ಆದರೆ ಎಲ್ಲರಲ್ಲೂ ಒಂದೇ ಥರ ಅಲ್ಲ. ಕೂದಲು ಕಪ್ಪಾಗಲು ಮೆಲನಿನ್ ಎಂಬ ಬಣ್ಣದ ವಸ್ತು ಬೇಕು, ಅದನ್ನು ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವಕ್ಕೆ ತಾಮ್ರ ಬೇಕು. ಇಷ್ಟು ಕೇಳಿದ ಕೂಡಲೇ ‘ಹಾಗಾದ್ರೆ ತಲೆ ಬೆಳ್ಳಗಾದವರಿಗೆಲ್ಲ ತಾಮ್ರ ಕಮ್ಮಿ’ ಅನ್ನಿಸುತ್ತದೆ, ಅಲ್ವಾ? ಆದರೆ ಮೆಲನಿನ್‌ಗೆ ಲೋಹಗಳನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಇದೆ. ಹಾಗಾಗಿ ಬಿಳಿ ಕೂದಲಲ್ಲಿ ಲೋಹ ಕಮ್ಮಿ ಕಂಡರೆ ಅದು ದೇಹದ ಕೊರತೆಯೋ, ಮೆಲನಿನ್ ಇಲ್ಲದ್ದರಿಂದ ಹಾಗೆ ಕಂಡಿತೋ ಎಂದು ಆ ಅಂಕಿಯಿಂದ ಹೇಳಲು ಬರುವುದಿಲ್ಲ. ಅಷ್ಟಕ್ಕೇ ತಾಮ್ರದ ಮಾತ್ರೆ ಶುರು ಮಾಡಬೇಡಿ, ಜಾಸ್ತಿಯಾದರೆ ಲಿವರ್‌ಗೆ ತೊಂದರೆ.

ಸಾಲದ್ದಕ್ಕೆ ಹೊರಗಿನಿಂದಲೂ ಕೂದಲಿಗೆ ಖನಿಜಗಳು ಅಂಟುತ್ತವೆ. ತಲೆಹೊಟ್ಟಿನ ಹಲವು ಶಾಂಪೂಗಳಲ್ಲಿ ಸತು ಅಥವಾ ಸೆಲೆನಿಯಂ ಇರುತ್ತದೆ, ಅದನ್ನು ಹಾಕುವವರ ರಿಪೋರ್ಟಿನಲ್ಲಿ ಅವೇ ಜಾಸ್ತಿ ಬರುತ್ತವೆ. ಗಡಸು ನೀರಲ್ಲಿ ಸ್ನಾನ ಮಾಡಿದರೆ ಕ್ಯಾಲ್ಸಿಯಂ ಏರುತ್ತದೆ. ತಾನ್ಸಾ, ಭಾತ್ಸಾ ಜಲಾಶಯಗಳ ನೀರು ನಲ್ಲಿಯಲ್ಲಿ ಬರುವ ಮನೆಯವರಿಗೂ, ಬೋರ್‌ವೆಲ್ ನೀರಿನ ಟ್ಯಾಂಕರ್ ನಂಬಿದ ಸೊಸೈಟಿಯವರಿಗೂ ಒಂದೇ ಅಳತೆಗೋಲು ಹಿಡಿದು ವಯಸ್ಸು ಹೇಳುವುದು ಹೇಗೆ?

ಅಮೆರಿಕದಲ್ಲಿ ಆರೋಗ್ಯವಂತರೊಬ್ಬರ ಕೂದಲನ್ನೇ ಭಾಗ ಮಾಡಿ 6 ಲ್ಯಾಬ್‌ಗಳಿಗೆ ಕಳಿಸಿದ್ದರು. 2001ರಲ್ಲಿ ಫಲಿತಾಂಶ ಪ್ರಕಟವಾಯಿತು. 12 ಖನಿಜಗಳಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚು ಅಂಕಿಗಳ ನಡುವೆ 10 ಪಟ್ಟಿಗೂ ಮೀರಿದ ವ್ಯತ್ಯಾಸ! ಅದನ್ನು ಓದಿದ ಮೇಲೆ ಇಂಥ ಅಂಕಿಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳಲು ನಮಗೆ ಮನಸ್ಸಾಗುವುದಿಲ್ಲ.

ಹಾಗಂತ ಕೂದಲ ಪರೀಕ್ಷೆಯೇ ಸುಳ್ಳಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ರಕ್ತದಿಂದ ಬಂದ ಪಾದರಸ ಅದರಲ್ಲಿ ಉಳಿದುಬಿಡುತ್ತದೆ. 1971-72ರಲ್ಲಿ ಇರಾಕಿನಲ್ಲಿ ಪಾದರಸದ ಔಷಧಿ ಹಚ್ಚಿದ ಬಿತ್ತನೆ ಗೋಧಿಯಿಂದ ರೊಟ್ಟಿ ಮಾಡಿ ತಿಂದವರಿಗೆ ವಿಷವೇರಿದಾಗ, ಯಾವ ತಿಂಗಳು ಎಷ್ಟು ಏರಿತ್ತು ಎಂಬುದನ್ನು ಕೂದಲಿನ ತುಂಡುಗಳಿಂದಲೇ ಲೆಕ್ಕ ಹಾಕಿದರು. (ನಮ್ಮ ಬೂತಾಯಿ, ಬಂಗುಡೆ ಪ್ರಿಯರು ಹೆದರಬೇಡಿ, ಪಾದರಸ ಜಾಸ್ತಿ ಸೇರುವುದು ಬೇಟೆಯಾಡುವ ದೊಡ್ಡ ಮೀನುಗಳಲ್ಲಿ.) ಪಾದರಸ, ಆರ್ಸೆನಿಕ್ ಅನುಮಾನ ಬಂದು ಡಾಕ್ಟರ್ ಬರೆದುಕೊಟ್ಟರೆ ಖಂಡಿತ ಮಾಡುತ್ತೇವೆ.

ಕೂದಲನ್ನು ಮಾತ್ರ ಇನ್ನು ನಾವೇ ಕತ್ತರಿಸುತ್ತೇವೆ, ಸಲೂನಿನಲ್ಲಿ ಗುಡಿಸಿಟ್ಟದ್ದನ್ನು ಪೊಟ್ಟಣ ಕಟ್ಟಿ ತರಬೇಡಿ. ತಲೆಯ ಹಿಂಭಾಗದಲ್ಲಿ, ಬುಡಕ್ಕೆ ತಾಗಿಸಿ ತೆಗೆದು, ಬುಡ ಯಾವ ಕಡೆ ಎಂದು ತಿಳಿಯಲು ಅಲ್ಲೊಂದು ದಾರ ಕಟ್ಟಿ ಲಕೋಟೆಗೆ ಹಾಕುತ್ತೇವೆ. ಡೈ, ಮೆಹಂದಿ ಹಚ್ಚಿದ್ದರೆ ಮೊದಲೇ ಹೇಳಿ.

ಚಿಕ್ಕ ವಯಸ್ಸಿಗೇ ಕೂದಲು ಬೆಳ್ಳಗಾಗುತ್ತಿದೆ ಎಂಬ ಚಿಂತೆ ಇದ್ದವರು ಡಾಕ್ಟರನ್ನು ಕೇಳಿ ಬಿ12, ಥೈರಾಯ್ಡ್, ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವುದು) ಪರೀಕ್ಷೆ ಮಾಡಿಸಿಕೊಳ್ಳಿ. ಮೂರೂ ರಕ್ತದಲ್ಲೇ ಗೊತ್ತಾಗುತ್ತವೆ. ಹಳೇ ಪ್ಯಾಕೇಜಿಗೆ ಮುಂಗಡ ಕೊಟ್ಟವರು ರಸೀದಿ ತನ್ನಿ. ಪೂರ್ತಿ ಹಣ ವಾಪಸ್ ಕೊಡುತ್ತೇವೆ, ಬೇಕಿದ್ದರೆ ರಕ್ತಪರೀಕ್ಷೆಗೆ ಜಮಾ ಮಾಡಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಲ್ಯಾಬ್‌ನವರು, ಮಾಟುಂಗಾ, ಮುಂಬಯಿ