ದಿನ ತುಂಬದ ಮಕ್ಕಳಿಗೆ ಯಾವ ಪ್ರೋಬಯಾಟಿಕ್? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕೊಡುವ ಪ್ರೋಬಯಾಟಿಕ್ಕನ್ನು, ಅಂದರೆ ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಬ್ಯಾಕ್ಟೀರಿಯಾವನ್ನು, ಅಪ್ಪಂದಿರು ಚೀಟಿ ಹಿಡಿದು ಮೆಡಿಕಲ್ ಶಾಪಿನಿಂದ ತರುವುದು ನಿಲ್ಲಬೇಕು. ಅಕ್ಕನ ಮಗು 31ನೇ ವಾರಕ್ಕೇ ಹುಟ್ಟಿತು. ಖಾಸಗಿ ಆಸ್ಪತ್ರೆ, ಹೆಸರು ಬೇಡ. ಭಾವ ಚೀಟಿ ತಗೊಂಡು ಹೋದರೆ ಬರೆದಿದ್ದ ಕಂಪನಿಯದು ಇರಲಿಲ್ಲ. ಅಂಗಡಿಯವನು "ಇದೂ ಅದೇ ಸಾರ್" ಅಂತ ಬೇರೆ ಪೊಟ್ಟಣ ಕೊಟ್ಟ. ಸಿಸ್ಟರ್ ಅದನ್ನೇ ಕತ್ತರಿಸಿ, ಎದೆಹಾಲಿಗೆ ಕಲಸಿ, ನಳಿಕೆಯಲ್ಲಿ ಬಿಟ್ಟರು. ಮಗುವಿಗೇನೂ ಆಗಲಿಲ್ಲ, ಸರಿ. ಆದರೆ ಇದು ಅದೇ ಅಲ್ಲ.

ಇಷ್ಟು ಬೇಗ ಹುಟ್ಟಿದವರ ಕರುಳು ಇನ್ನೂ ಬಲಿತಿರುವುದಿಲ್ಲ. ಎನ್‌ಇಸಿ ಅನ್ನೋ ಕಾಯಿಲೆ ಬಂದರೆ ಹೊಟ್ಟೆ ಉಬ್ಬುತ್ತದೆ, ಮಲದಲ್ಲಿ ರಕ್ತ ಬರುತ್ತದೆ, ಕರುಳಿನ ಭಾಗವೇ ಸತ್ತುಹೋಗಬಹುದು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 60 ಪ್ರಯೋಗಗಳನ್ನು, 11 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೆ ನೋಡಿ, ಪ್ರೋಬಯಾಟಿಕ್‌ನಿಂದ ಎನ್‌ಇಸಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು ಎಂದಿತು. 'ಬಹುದು' ಅಷ್ಟೇ, ಯಾಕೆಂದರೆ ಎಷ್ಟೋ ಪ್ರಯೋಗಗಳು ಚಿಕ್ಕವು, ಕೆಲವು ಸಡಿಲ, ಮತ್ತು ಒಂದು ಕೆಜಿಗಿಂತ ಕಡಿಮೆ ತೂಕದ ಮಕ್ಕಳ ವಿಷಯದಲ್ಲಿ ಪುರಾವೆ ತೀರಾ ತೆಳು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಮೂರು ಬ್ಯಾಕ್ಟೀರಿಯಾ ಬೆರೆಸಿ ಕೊಟ್ಟಾಗ ಎನ್‌ಇಸಿ ಶೇ. 4.4ರಿಂದ 2ಕ್ಕೆ ಇಳಿಯಿತು (2013). ಇಂಗ್ಲೆಂಡಿನಲ್ಲಿ ಬಿಫಿಡೋಬ್ಯಾಕ್ಟೀರಿಯಂ ಬ್ರೆವೆ ಅನ್ನೋ ಬ್ಯಾಕ್ಟೀರಿಯಾದ ಒಂದೇ ತಳಿಯನ್ನು ಕೊಟ್ಟು 1,300ಕ್ಕೂ ಹೆಚ್ಚು ಮಕ್ಕಳಲ್ಲಿ ನೋಡಿದರೆ ಏನೂ ಪ್ರಯೋಜನ ಕಾಣಲಿಲ್ಲ (2016). ಎರಡೂ ಪ್ರೋಬಯಾಟಿಕ್ಕೇ ಅಲ್ವಾ?

ನವಜಾತ ಶಿಶುಗಳಿಗೆ ಪ್ರೋಬಯಾಟಿಕ್ ಕೊಟ್ಟು ಸೋಂಕು ತಗ್ಗಿತೆಂದು 2017ರಲ್ಲಿ ವರದಿಯಾದ ಒಡಿಶಾದ ಪ್ರಯೋಗದ ಬಗ್ಗೆ ನಿಮ್ಮ ಅಧಿಕಾರಿಗಳು ಹೇಳಬಹುದು. ಒಳ್ಳೆಯ ಕೆಲಸ, ನಾಲ್ಕೂವರೆ ಸಾವಿರ ಮಕ್ಕಳು. ಆದರೆ ಅವರೆಲ್ಲ 35 ವಾರ ತುಂಬಿ ಹುಟ್ಟಿದವರು, ಕನಿಷ್ಠ ಎರಡು ಕೆಜಿ ತೂಗುತ್ತಿದ್ದವರು. ಅದನ್ನು ತಂದು ಇನ್‌ಕ್ಯುಬೇಟರಿನ ಕೂಸಿಗೆ ಅಂಟಿಸಬೇಡಿ.

ಅಪಾಯವೂ ಸುಮ್ನೆ ಹೇಳುವ ಮಾತಲ್ಲ. 2014ರಲ್ಲಿ ಅಮೆರಿಕದಲ್ಲಿ ಪ್ರೋಬಯಾಟಿಕ್ ಪುಡಿಯೊಳಗೆ ಬೂಷ್ಟು ಸೇರಿ ಒಂದು ಮಗು ತೀರಿಕೊಂಡಿತು. 2023ರಲ್ಲಿ ಇನ್ನೊಂದು ಮಗುವಿನ ರಕ್ತಕ್ಕೆ ಕೊಟ್ಟ ಬ್ಯಾಕ್ಟೀರಿಯಾವೇ ಸೇರಿ ಸಾವಾದ ಮೇಲೆ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟಿತು. ನಮ್ಮಲ್ಲಿ ಎಷ್ಟೋ ಪೊಟ್ಟಣಗಳು ಆಹಾರದ ಲೈಸೆನ್ಸಿನಲ್ಲೇ ಮಾರಾಟವಾಗುತ್ತವೆ. ಪ್ರೋಟೀನ್ ಪುಡಿಗೆ ಅಷ್ಟು ಸಾಕು, ಒಂದೂಕಾಲು ಕೆಜಿ ಮಗುವಿಗೆ ಸಾಕಾ?

ಬೇಡವೇ ಬೇಡ ಅನ್ನುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 32 ವಾರಕ್ಕಿಂತ ಮೊದಲು ಹುಟ್ಟಿ ಎದೆಹಾಲು ಕುಡಿಯುವ ಮಕ್ಕಳಿಗೆ ಕೊಡುವುದನ್ನು ಪರಿಗಣಿಸಬಹುದು ಎಂದಿದೆ. ಹಾಗಾದರೆ ಎದೆಹಾಲು ಮೊದಲು. ಅದಕ್ಕೆ ಪ್ರತಿ ಜಿಲ್ಲೆಗೂ ಎದೆಹಾಲಿನ ಬ್ಯಾಂಕ್ ಬೇಕು. ಆಮೇಲೆ ಪ್ರೋಬಯಾಟಿಕ್, ಅದೂ ಪ್ರಯೋಗದಲ್ಲಿ ಫಲ ಕೊಟ್ಟ ತಳಿಗಳದ್ದು. ಸರ್ಕಾರವೇ ಖರೀದಿಸಲಿ. ಪ್ರತಿ ಬ್ಯಾಚನ್ನೂ ಪರೀಕ್ಷೆ ಮಾಡಿಸಿ, ತಂಪಾಗಿಟ್ಟು, ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಾದ ಎಸ್‌ಎನ್‌ಸಿಯುಗಳಿಗೆ ತಲುಪಿಸಲಿ. ಏನು ಕೊಡುತ್ತಿದ್ದೇವೆ, ಅಪಾಯವೇನು ಅಂತ ತಾಯಿಗೆ ಕನ್ನಡದಲ್ಲಿ ಹೇಳಲಿ. ಇದಾಗದಿದ್ದರೆ ಕೊಡುವುದೇ ಬೇಡ. ಖಾಸಗಿ ಆಸ್ಪತ್ರೆಗಳಿಗೂ ಇದೇ ನಿಯಮ ಬರಲಿ.

ನಿಮ್ಮ ಉತ್ತರ ಬರಹದಲ್ಲಿ ಬೇಕು, ತಳಿಯ ಹೆಸರಿನ ಸಮೇತ.

ಇತಿ,
ಒಂದು ಮಗುವಿನ ಚಿಕ್ಕಮ್ಮ