ಕೆರೆ ನೀರು ತಗೊಳ್ಳೋ ಬೆಳೆಗಾರರಿಗೆ: ಈ ಸಲ ಸ್ಪ್ರಿಂಕ್ಲರಿಗೆ ಒಂದೇ ರೌಂಡ್

ಎಲ್ರಿಗೂ ನಮಸ್ಕಾರ,

ನಮ್ಮ ಎಸ್ಟೇಟ್ ಕೆರೆಯಿಂದ ಈ ಸಲ ರೋಬಸ್ಟಾ ಕಾಫಿಗೆ ಹೂವಿನ ನೀರು, ಅಂದ್ರೆ ಫೆಬ್ರವರಿ-ಮಾರ್ಚಿನ ಮೊದಲ ರೌಂಡ್ ಮಾತ್ರ ಕೊಡ್ತೀವಿ, ಬ್ಯಾಕಿಂಗಿಗೆ, ಅಂದ್ರೆ ಹೂ ಅರಳಿದ ಮೇಲೆ ಕೊಡೋ ಎರಡನೇ ರೌಂಡಿಗೆ, ನೀರಿರಲ್ಲ. ಎರಡಕ್ಕೂ ಅಡ್ವಾನ್ಸ್ ಕೊಟ್ಟವ್ರಿಗೆ ಎರಡನೇದರ ದುಡ್ಡು ಪೂರ್ತಿ ವಾಪಸ್, ಬಂದು ಕೇಳೋದೇನೂ ಬೇಡ, ನಾವೇ ಅಕೌಂಟಿಗೆ ಹಾಕ್ತೀವಿ.

ಕಾರಣ ಕೆರೆ ಏರಿ. ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಜಿನುಗೋದು ಇದ್ದದ್ದೇ, ತಿಳಿನೀರು ಬರ್ತಿದ್ರೆ ಅಷ್ಟು ಚಿಂತೆ ಇಲ್ಲ, ಆದ್ರೆ ಮಳೆಗಾಲ ಮುಗಿಯೋ ಹೊತ್ತಿಗೆ ತೂಬಿನ ಪಕ್ಕ ಏರಿ ಬುಡದಲ್ಲಿ ಕೆಂಪು ನೀರು ಬರಕ್ಕೆ ಶುರುವಾಯ್ತು, ಅಂದ್ರೆ ಒಳಗಿನ ಮಣ್ಣು ಕೊಚ್ಕೊಂಡು ಬರ್ತಿದೆ, ಹಾಗೇ ಬಿಟ್ರೆ ಒಳಗೊಳಗೇ ಕೊಳವೆ ಥರ ದಾರಿ ಆಗೋಗುತ್ತೆ, ಮೇಲಿಂದ ನೋಡಿದವ್ರಿಗೆ ಏರಿ ಗಟ್ಟಿಯಾಗೇ ಕಾಣುತ್ತೆ. ಅದಕ್ಕೇ ನೀರನ್ನ ಕೋಡಿಗಿಂತ 5 ಅಡಿ ಕೆಳಗೆ ಇಳಿಸಿದೀವಿ, ಅದೂ ನಿಧಾನಕ್ಕೆ, ಒಂದೇ ಸಲ ಖಾಲಿ ಮಾಡಿದ್ರೆ ಒಳಗಡೆ ಇಳಿಜಾರು ನೆನೆದಿರುತ್ತಲ್ಲ, ಅದು ಜಾರಿಬಿಡಬಹುದು. ಕೆರೆ ಮೇಲ್ಗಡೆ ಅಗಲ ಇರೋದ್ರಿಂದ ಆ 5 ಅಡಿಯಲ್ಲೇ ತುಂಬಾ ನೀರು ಹೋಯ್ತು.

ಹೊರಗಿಂದ ಜೇಡಿಮಣ್ಣು ಮೆತ್ತಿ ಮುಚ್ಬಿಡಿ ಅಂತ ಸುಮಾರು ಜನ ಹೇಳಿದ್ರು. ಹಾಗೆ ಮಾಡಿದ್ರೆ ಒಳಗೆ ಒತ್ತಡ ಜಾಸ್ತಿಯಾಗಿ ನೀರು ಇನ್ನೊಂದು ಕಡೆ ಒಡ್ಕೊಂಡು ಬರುತ್ತೆ. ಮಾಡ್ಬೇಕಾಗಿರೋದು ಬುಡದಲ್ಲಿ ಮೊದಲು ಮರಳು, ಅದರ ಮೇಲೆ ಜಲ್ಲಿ, ಆಮೇಲೆ ಕಲ್ಲು, ಹೀಗೆ ಪದರ ಪದರವಾಗಿ ಹಾಕೋದು, ನೀರು ಹೊರಗೆ ಹೋಗ್ಲಿ ಮಣ್ಣು ಮಾತ್ರ ಹೋಗ್ಬಾರ್ದು. ಈ ಕೆಲಸ ಬೇಸಿಗೇಲೇ ಆಗ್ಬೇಕು. ಏರಿ ಮೇಲೆ ತಾವಾಗೇ ಬೆಳೆದಿರೋ ಸಿಲ್ವರ್ ಓಕನ್ನೂ ಬೇರು ಸಮೇತ ತೆಗೀತೀವಿ, ಬರೀ ಕಡಿದ್ರೆ ಬೇರು ಕೊಳೆತು ಅದೇ ನೀರಿಗೆ ದಾರಿ ಆಗುತ್ತೆ.

ಇರೋ ನೀರನ್ನ ಎರಡು ರೌಂಡಿಗೆ ಅರ್ಧರ್ಧ ಹಂಚಬಹುದಿತ್ತು ಅಂತೀರೇನೋ. ಹೂವಿಗೆ ಅರೆಬರೆ ನೀರು ಬಿದ್ರೆ ಮೊಗ್ಗು ಸರಿಯಾಗಿ ಅರಳಲ್ಲ, ಇದು ನಿಮಗೇ ಗೊತ್ತಿರೋದು. ಅದಕ್ಕೇ ಒಂದನ್ನಾದ್ರೂ ಪೂರ್ತಿ ಕೊಡೋಣ ಅಂತ ತೀರ್ಮಾನ ಮಾಡಿದ್ವಿ.

2021ರ ಡ್ಯಾಮ್ ಸೇಫ್ಟಿ ಕಾಯ್ದೆಗೆ 10 ಮೀಟರಿಗಿಂತ ಕಮ್ಮಿ ಎತ್ತರದ ನಮ್ಮಂಥ ಕಟ್ಟೆಗಳು ಬರಲ್ಲ, ಯಾರೂ ಬಂದು ಚೆಕ್ ಮಾಡಲ್ಲ, ನಾವೇ ನೋಡ್ಕೋಬೇಕು. ಕೀನ್ಯಾದ ಸೋಲೈನಲ್ಲಿ 2018ರ ಮೇನಲ್ಲಿ ಖಾಸಗಿ ಫಾರ್ಮಿನ ಮಣ್ಣಿನ ಕಟ್ಟೆ ರಾತ್ರಿ ಒಡೆದು 40ಕ್ಕೂ ಹೆಚ್ಚು ಜನ ತೀರ್ಕೊಂಡ್ರು. ನಮ್ಮ ಏರಿ ಕೆಳಗೂ ಕೆಲಸದವರ ಲೈನ್ ಮನೆಗಳಿವೆ, ಮಕ್ಕಳು ಮಲಗಿರ್ತಾರೆ.

ಪಾಳಿ ಲಿಸ್ಟ್ ಜನವರಿ ಕೊನೇಲಿ ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀವಿ. ಕೆಲಸ ಮುಗಿಯೋ ತನಕ ಏರಿ ಮೇಲೆ ಪಿಕಪ್, ಟ್ರಾಕ್ಟರ್ ತರಬೇಡಿ, ಪೈಪ್ ಸಾಗಿಸೋಕೆ ಕೋಡಿ ಆಚೆಗಿನ ರಸ್ತೆ ಬಳಸಿ. ಬುಡದಲ್ಲಿ ಮತ್ತೆ ಕೆಂಪು ನೀರು ಕಂಡ್ರೆ ಎಷ್ಟೊತ್ತಾದ್ರೂ ಸರಿ ಫೋನ್ ಮಾಡಿ.