ಮೇಯರ್ ಬಂಗಲೆಯ ಬುಕಿಂಗ್ ಪುಸ್ತಕ ಗೇಟಿಗೆ ಬರಲಿ

ಮಾನ್ಯ ಮೇಯರ್ ಅವರಿಗೆ, ನಮಸ್ಕಾರ.

ಹಳೇ ಮೇಯರ್ ಬಂಗಲೆಯ ಹಾಲ್ ಯಾರಿಗೆ, ಯಾವ ಕ್ರಮದಲ್ಲಿ ಕೊಡಬೇಕು ಅನ್ನೋ ನಿಯಮ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ನಾನು ಕೇಳುವುದು ಒಂದೇ. ಬುಕಿಂಗ್ ಪುಸ್ತಕವನ್ನು ಗೇಟಿನ ಹತ್ತಿರ, ಎಲ್ಲರಿಗೂ ಕಾಣುವಂತೆ ಇಡಿಸಿ.

ನಮ್ಮದು ವಯಸ್ಸಾದವರ ಓದುಗರ ಗುಂಪು. ಹದಿನಾಲ್ಕು ಜನ. ಆರು ವರ್ಷದಿಂದ ತಿಂಗಳಿಗೊಂದು ಸಂಜೆ ಆ ಹಾಲ್ ಕೇಳುತ್ತಿದ್ದೇವೆ. ಸಿಕ್ಕಿದ್ದಕ್ಕಿಂತ ತಪ್ಪಿದ್ದೇ ಜಾಸ್ತಿ. ಹೋದ ತಿಂಗಳು ಹಣ ಕಟ್ಟಿ, ರಸೀದಿ ಹಿಡಿದು ಹೋದೆವು. ಗೇಟಿಗೆ ಬೀಗ. ಒಳಗೆ ಯಾರೋ ದೊಡ್ಡವರ ಮಗನ ಹುಟ್ಟುಹಬ್ಬ. ಕಾವಲಿನವನು ರಸೀದಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಚೀಟಿ ಸರಿ ಇದೆ ಸಾರ್, ಆದ್ರೆ ಇವತ್ತು ನಿಮ್ದಲ್ಲ" ಅಂದ. ಪಾಪ, ಅವನೇನು ಮಾಡ್ತಾನೆ? ನನ್ನ ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ. ಎರಡು ಗಂಟೆ ಫುಟ್‌ಪಾತ್ ಮೇಲೆ ನಿಂತೆ. ನಮ್ಮಲ್ಲೊಬ್ಬರಿಗೆ ಎಂಬತ್ತೆರಡು. ಅವರು ಮೋರಿ ಕಟ್ಟೆ ಮೇಲೆ ಟವೆಲ್ ಹಾಸಿ ಕೂತರು.

ಮರುದಿನ ಹಣ ವಾಪಸ್ ಕೇಳಲು ಹೋದೆ. ಹಿಂದಿನ ಮೇಯರ್‌ಗಳ ಹೆಸರು ಬರೆದ ಮರದ ಹಲಗೆಗೆ ಮೊಳೆ ಹೊಡೆದಿದ್ದರು. ಒಂದು ಮೊಳೆ ಯಾರದೋ ಇನಿಷಿಯಲ್ ಮೇಲೇ ಕೂತಿತ್ತು. ಒಡೆದ ಬಲೂನು ಇನ್ನೂ ನೇತಾಡುತ್ತಿತ್ತು. ಹಣ? ಅರ್ಜಿ ಕೊಡಿ ಅಂದರು.

ಲಂಡನ್ನಿನ ಮ್ಯಾನ್ಷನ್ ಹೌಸ್ 1752ರಿಂದ ಅಲ್ಲಿನ ಲಾರ್ಡ್ ಮೇಯರ್ ಮನೆ. ಮೇಯರೇ ನ್ಯಾಯ ಹೇಳುತ್ತಿದ್ದ ಕಾಲದಲ್ಲಿ ಅದರೊಳಗೆ ಲಾಕಪ್ ಇತ್ತು. ಅಲ್ಲಿ ಕಳ್ಳನಿಗೂ ಜಾಗ ಇತ್ತು, ಇಲ್ಲಿ ರಸೀದಿ ಇದ್ದವನಿಗೆ ಇಲ್ಲ! ಡಬ್ಲಿನ್ ಮೇಯರ್ ಮನೆಯ ದುಂಡನೆ ಹಾಲ್‌ನಲ್ಲಿ 1919ರ ಜನವರಿ 21ರಂದು ಸ್ವಾತಂತ್ರ್ಯ ಘೋಷಿಸಿದ ಐರ್ಲೆಂಡಿನ ಮೊದಲ ಸಂಸತ್ತೇ ಸೇರಿತ್ತು. ನಾವು ಕೇಳಿದ್ದು ಹದಿನಾಲ್ಕು ಕುರ್ಚಿ. ನ್ಯೂಯಾರ್ಕಿನ ಗ್ರೇಸಿ ಮ್ಯಾನ್ಷನ್ 1799ರ ಮರದ ಮನೆ. 1942ರಿಂದ ಮೇಯರ್‌ಗಳ ಮನೆ. ಆದರೂ ಕೆಳಗಿನ ಕೋಣೆಗಳನ್ನು ಜನರಿಗೆ ತೋರಿಸುತ್ತಾ ಬಂದಿದ್ದಾರೆ. ನಮ್ಮ ಬಂಗಲೆಯಲ್ಲಿ ಯಾವ ಮೇಯರೂ ಮಲಗುವುದಿಲ್ಲ. ಮತ್ತೆ ಬೀಗ ಯಾರ ನಿದ್ದೆ ಕಾಯಲಿಕ್ಕೆ?

ಸುಮ್ನೆ ಕಮಿಟಿ ಗಿಮಿಟಿ ಮಾಡಬೇಡಿ. ಪುಸ್ತಕ ಗೇಟಿಗೆ ತನ್ನಿ. ಯಾರು ಯಾವತ್ತು ಕೇಳಿದರು, ಯಾರಿಗೆ ಕೊಟ್ಟಿರಿ, ಎಲ್ಲರೂ ಓದಲಿ. ಇದಕ್ಕೆ ಒಂದು ಮೇಜು ಸಾಕು ಅಲ್ವಾ?

ಮುಂದಿನ ತಿಂಗಳಿಗೆ ಅರ್ಜಿ ಹಾಕಿದ್ದೇನೆ. ಪುಸ್ತಕ ಗೇಟಿಗೆ ಬಂದರೆ ನಮ್ಮ ಹೆಸರು ಎಷ್ಟನೇ ಸಾಲಿನಲ್ಲಿದೆ ಅಂತ ನಾನೇ ಬಂದು ನೋಡಿಕೊಳ್ಳುತ್ತೇನೆ.

ಇಂತಿ,
ರಸೀದಿ ಇಟ್ಟುಕೊಂಡಿರುವ ಒಬ್ಬ ನಾಗರಿಕ